ಚಿಕ್ಕಬಳ್ಳಾಪುರದ ಹತ್ತಿರದ ಸ್ಕಂದಗಿರಿ ಬೆಟ್ಟದ ಸೂರ್ಯೋದಯಕ್ಕೆ ವೈಡ್ ಲೆನ್ಸ್ ಒಯ್ಯಲೋ, ಟೆಲಿ ಒಯ್ಯಲೋ, ಎರಡನ್ನೂ ಒಯ್ಯಲೋ?

ಎರಡನ್ನೂ ಹೊತ್ತುಕೊಂಡು ಹೋದವನು ನಾನು. ಈ ಪ್ರಶ್ನೆ ಕೇಳಿದ ನಿಮ್ಮ ಹತ್ತಿರ ಇರುವ ಲೆನ್ಸ್ ಜೋಡಿಯೇ ನನ್ನದೂ: 18-55 ಎಂಎಂ (ಅಗಲ ನೋಟದ ವೈಡ್), 55-250 ಎಂಎಂ (ದೂರದ್ದನ್ನು ದೊಡ್ಡದಾಗಿ ತೋರಿಸುವ ಟೆಲಿ).

ನವೆಂಬರ್ ತಿಂಗಳು. ಹಿಂದಿನ ದಿನ ಮಳೆ ಬಂದು ನಿಂತಿತ್ತು. ರಾತ್ರಿ ಗಾಳಿ ಇರಲಿಲ್ಲ, ಆಕಾಶ ತಿಳಿಯಾಗಿತ್ತು. ಕೆಳಗೆ ಮಂಜು ತುಂಬಿಕೊಳ್ಳುವುದಕ್ಕೆ ಇಷ್ಟು ಸಾಕು. ಗೆಳೆಯರ ಜೊತೆ ಬೆಂಗಳೂರಿನಿಂದ ಕಾರಲ್ಲಿ ಹೊರಟೆ. ಗಾಜು ಮಸುಕಾಗುತ್ತಿತ್ತು ಅಂತ ದಾರಿಯುದ್ದಕ್ಕೂ ಎಸಿ ಹಾಕಿದ್ದೆವು. ಕ್ಯಾಮೆರಾ ಬ್ಯಾಗು ನನ್ನ ತೊಡೆಯ ಮೇಲೆ, ಎಸಿ ಗಾಳಿಗೆ ಎದುರಾಗಿ. ದಾರಿಯಲ್ಲಿ ಟೀ ಕುಡಿಯಲು ನಿಂತಾಗ ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯೊಂದನ್ನು ಕೊಂಡು ಅದೇ ಬ್ಯಾಗಿಗೆ ತುರುಕಿದೆ, ಟೆಲಿ ಲೆನ್ಸಿನ ಪಕ್ಕಕ್ಕೆ.

ಬೆಟ್ಟದ ಬುಡದ ಪಾಪಾಗ್ನಿ ಮಠದ ಹತ್ತಿರದಿಂದ ಟಾರ್ಚ್ ಹಿಡಿದು ಹತ್ತಿದೆವು. ಮೇಲೆ ಪಾಳು ಬಿದ್ದ ಕೋಟೆ ಗೋಡೆ, ಚಿಕ್ಕ ಗುಡಿ. ಬೆಟ್ಟದ ಎತ್ತರ ಸುಮಾರು 1,450 ಮೀಟರ್. ಕೆಳಗೆ ಊರು, ರಸ್ತೆ ಏನೂ ಕಾಣುತ್ತಿರಲಿಲ್ಲ, ಬರೀ ಬಿಳಿ. ದಕ್ಷಿಣಕ್ಕೆ ನಂದಿಬೆಟ್ಟದ ತಲೆ ಮಾತ್ರ ಹೊರಗಿತ್ತು. 18 ಎಂಎಂನಲ್ಲಿ ನಾಲ್ಕಾರು ಫೋಟೋ ತೆಗೆದೆ, ಚೆನ್ನಾಗಿಯೇ ಬಂದವು. ಆಮೇಲೆ ಸೂರ್ಯ ಇಣುಕಿದ. ಫ್ರೇಮಿನಲ್ಲಿ ನೋಡಿದರೆ ಒಂದು ಚುಕ್ಕೆ! ಆಗಬೇಕಾದದ್ದೇ ಅಷ್ಟು. ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ) ಮೇಲೆ ಸೂರ್ಯನ ಅಗಲ ಫೋಕಲ್ ಲೆಂತಿನ, ಅಂದರೆ ಲೆನ್ಸಿನ ಎಂಎಂ ಸಂಖ್ಯೆಯ, ಸುಮಾರು 110ನೇ ಒಂದು ಭಾಗ. 18 ಎಂಎಂಗೆ ಅದು 0.16 ಎಂಎಂ, 250ಕ್ಕೆ 2.3 ಎಂಎಂ. ಸರಿ, ಟೆಲಿ ಹಾಕೋಣ ಅಂತ ಅಲ್ಲೇ ಬಂಡೆ ಮೇಲೆ ಮಂಡಿಯೂರಿ ಲೆನ್ಸ್ ಬದಲಾಯಿಸಿದೆ.

ಕೆಲಸ ಕೆಟ್ಟಿದ್ದು ಇಲ್ಲೇ. ಹತ್ತುವ ಅಷ್ಟೂ ಹೊತ್ತು ಆ ಲೆನ್ಸ್ ತಣ್ಣನೆಯ ಬಾಟಲಿಗೆ ಅಂಟಿಕೊಂಡು ಕೂತಿತ್ತು. ಬ್ಯಾಗಿನ ಸ್ಪಂಜು ಬೇರೆ ತಂಪು ಆರದ ಹಾಗೆ ಕಾಪಾಡಿತ್ತು. ಮೇಲಿನ ಗಾಳಿಯಲ್ಲಿ ತೇವ ತುಂಬಿತ್ತು. ಅಂಥ ಗಾಳಿ ತಣ್ಣನೆಯ ಗಾಜಿಗೆ ತಾಗಿದ ಕೂಡಲೇ ಆವಿ ಕೂರುತ್ತದೆ. ಮುಂದಿನ ಗಾಜು ಮಸುಕಾಗಿದ್ದು ಕಂಡಿತು, ಅಂಗಿಯ ಅಂಚಿನಿಂದ ಒರೆಸಿದೆ. ಮತ್ತೆ ಕೂತಿತು. ಮತ್ತೆ ಒರೆಸಿದೆ. ಅಂಗಿಯ ಬೆವರು ಗಾಜಿಗೆ ಬಳಿದುಕೊಂಡು ಇನ್ನಷ್ಟು ಕೆಟ್ಟಿತು. ಕೊನೆಗೆ ಮುಂದಿನ ಗಾಜು ಸ್ವಚ್ಛವಾಯಿತು, ಆದರೂ ಸ್ಕ್ರೀನ್ ತುಂಬ ಹಾಲು ಬಿಳುಪು. ಯಾಕೆ ಅಂದರೆ ಹಿಂದಿನ ಗಾಜಿಗೂ ಆವಿ ಕೂತಿತ್ತು. ಬದಲಾಯಿಸುವಾಗ ಹಿಂದಿನ ಮುಚ್ಚಳ ತೆಗೆದೆನಲ್ಲ, ಆಗ. ಕ್ಯಾಮೆರಾಕ್ಕೆ ಸಿಕ್ಕಿಸಿದ ಮೇಲೆ ಅದು ಒಳಗೇ ಬಂದಿ, ಗಾಳಿಯಾಡದೆ ಆರುವುದೇ ಇಲ್ಲ. ನಾನೋ ಅರಿವಿಲ್ಲದೆ ಮುಂದುಗಡೆ ಉಜ್ಜುತ್ತಿದ್ದೆ. ಹೊಳೆದ ಮೇಲೆ ಬಿಚ್ಚಿ ಒರೆಸಿ ಮತ್ತೆ ಹಾಕಿದೆ, ಅಷ್ಟರಲ್ಲಿ ಇನ್ನೊಂದಿಷ್ಟು ತೇವ ಒಳಗೆ ಹೋಯಿತು. "ಏನ್ ಗುರು, ಮಿಕ್ಸಿ ರಿಪೇರಿನಾ?" ಅಂದ ಗೆಳೆಯ. ಅವನು ಫೋನಿನಲ್ಲಿ ಎಲ್ಲವನ್ನೂ ತೆಗೆದು ಮುಗಿಸಿ ಚಿತ್ರಾನ್ನ ತಿನ್ನುತ್ತಿದ್ದ. ಲೆನ್ಸ್ ತಿಳಿಯಾಗುವ ಹೊತ್ತಿಗೆ ಸೂರ್ಯ ಮೇಲೇರಿ ಬೆಳಕು ಸಪ್ಪೆಯಾಗಿತ್ತು.

ಹಾಗಾಗಿ ವೈಡೋ ಟೆಲಿಯೋ ಅನ್ನುವ ಲೆಕ್ಕವೇ ಬೇಡ ಅನ್ನುತ್ತೇನೆ. ವೈಡ್ ನಿಮ್ಮ ಜೇಬಿನಲ್ಲೇ ಇದೆ, ಫೋನು. ಮೋಡದ ಹರವಿಗೆ ಅದು ಧಾರಾಳ ಸಾಕು. ಕ್ಯಾಮೆರಾಕ್ಕೆ 55-250 ಮನೆಯಲ್ಲೇ ಸಿಕ್ಕಿಸಿ, ಮೇಲೆ ಬಿಚ್ಚಲೇಬೇಡಿ. 18-55 ಕಪಾಟಿನಲ್ಲಿ ಇರಲಿ. ಇದನ್ನು ಒಪ್ಪದವರು ಬಹಳ ಜನ ಇದ್ದಾರೆ, ಇರಲಿ ಬಿಡಿ. ಸೂರ್ಯ ಸ್ವಲ್ಪ ಮೇಲೇರಿದರೂ ಟೆಲಿ ಹಾಕಿದ ಡಿಎಸ್‌ಎಲ್‌ಆರ್‌ನ ಕಿಂಡಿಗೆ ಮಾತ್ರ ಕಣ್ಣಿಡಬೇಡಿ, ಸ್ಕ್ರೀನ್ ನೋಡಿಕೊಂಡೇ ತೆಗೆಯಿರಿ.

ಬ್ಯಾಗನ್ನು ಡಿಕ್ಕಿಯಲ್ಲಿಡಿ, ಎಸಿಯಿಂದ ದೂರ. ನೀರಿನ ಬಾಟಲಿ ಬೇರೆ ಚೀಲದಲ್ಲಿ. ಬೆಟ್ಟದ ಬುಡದಲ್ಲೇ ಜಿಪ್ ತೆರೆದು ಕ್ಯಾಮೆರಾಕ್ಕೆ ಹೊರಗಿನ ಗಾಳಿ ತಾಗಲಿ, ಆದರೆ ಲೆನ್ಸಿನ ಮುಚ್ಚಳ ತೆಗೆಯಬೇಡಿ. ಆದರೂ ಆವಿ ಕೂತರೆ ಸುಮ್ನೆ ಕಾಯಿರಿ.

ಇನ್ನೊಂದು. ಸೂರ್ಯೋದಯದ ಸಮಯಕ್ಕೆ ಸರಿಯಾಗಿ ತಲುಪಿದರೆ ಪ್ರಯೋಜನವಿಲ್ಲ. ಒಳ್ಳೆಯ ಬಣ್ಣವೆಲ್ಲ ಅದಕ್ಕೆ ಮುಂಚಿನ 20-25 ನಿಮಿಷದಲ್ಲೇ ಜಾಸ್ತಿ. ಚಳಿಗಾಲ ಅಂದರೆ ಡಿಸೆಂಬರೇ ತಡ ಅಂದುಕೊಳ್ಳಬೇಡಿ, ನಮ್ಮ ಕಡೆ ಸೂರ್ಯ ಅತಿ ತಡವಾಗಿ ಹುಟ್ಟುವುದು ಜನವರಿ ಕೊನೆಯ ಹೊತ್ತಿಗೆ, ಸುಮಾರು 6:45ಕ್ಕೆ. ಡಿಸೆಂಬರಿನಲ್ಲಿ ಹೋಗುವುದಾದರೆ ನೇರ ಪೂರ್ವಕ್ಕೆ ಮುಖ ಮಾಡಿ ಕೂರಬೇಡಿ, ಆಗ ಅವನು ಹುಟ್ಟುವುದು 24 ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿದು. ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮೊದಲೇ ಮಾಡಿಸಿಕೊಳ್ಳಿ, ಬೆಳಗಿನ ಮೊದಲ ಸ್ಲಾಟೇ ಇರಲಿ.