ಪ್ರಶ್ನೋತ್ತರ: ಡ್ರೈ ಗ್ಲೋವ್, ಮಣಿಕಟ್ಟು, ಕಂಪ್ಯೂಟರ್

ಪ್ರಶ್ನೆ: ತಣ್ಣೀರಿನ ಡೈವಿಂಗ್‌ಗೆ ಡ್ರೈ ಸೂಟಿನ (ನೀರು ಒಳಬಿಡದ, ಒಳಗೆ ಗಾಳಿ ತುಂಬುವ ಉಡುಪು) ತೋಳಿಗೆ ರಿಂಗ್ ಕೂರಿಸಿ, ನೀರು ಒಳಬಿಡದ ಡ್ರೈ ಗ್ಲೋವ್ ಹಾಕಿಕೊಳ್ಳುತ್ತಿದ್ದೇನೆ. ಐದಾರು ಮೀಟರ್ ಇಳಿಯುವಷ್ಟರಲ್ಲಿ ಗ್ಲೋವ್ ಕೈಯನ್ನು ಹಿಂಡತೊಡಗುತ್ತದೆ. ಹತ್ತು ಮೀಟರಿಗೆ ಬೆರಳು ಮಡಚಲೂ ಆಗದು. ದೊಡ್ಡ ಸೈಜ್ ತಗೊಳ್ಳಬೇಕೆ?
— ಓದುಗರು, ಬರ್ಗೆನ್

ಉತ್ತರ: ಸೈಜ್ ಬದಲಿಸಬೇಡಿ, ಗಾಳಿಗೆ ದಾರಿ ಮಾಡಿಕೊಡಿ. ದಡದಲ್ಲಿ ಗ್ಲೋವ್ ಒಳಗೆ ಉಳಿದ ಗಾಳಿ 10 ಮೀಟರ್ ಆಳದಲ್ಲಿ ಅರ್ಧಕ್ಕೆ, 20 ಮೀಟರಿನಲ್ಲಿ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಸೂಟಿಗೆ ನೀವು ಗಾಳಿ ತುಂಬುತ್ತೀರಿ ನಿಜ, ಆದರೆ ಮಣಿಕಟ್ಟಿನ ಸೀಲ್ (ಸೂಟಿನ ತೋಳಿನ ತುದಿಯಲ್ಲಿ ಚರ್ಮಕ್ಕೆ ಬಿಗಿಯಾಗಿ ಕೂರುವ ರಬ್ಬರ್ ಪಟ್ಟಿ) ಅದನ್ನು ಗ್ಲೋವ್‌ಗೆ ಬಿಡದು. ಹಿಂಡಿದಾಗ ಒಳಗಿನ ಉಣ್ಣೆಯ ಲೈನರ್ ಚಪ್ಪಟೆಯಾಗುತ್ತದೆ. ಅದರ ಎಳೆಗಳ ನಡುವಿನ ಗಾಳಿಯೇ ಬೆಚ್ಚಗಿಡುವುದರಿಂದ ಕೈ ತಣ್ಣಗಾಗುವುದೂ ಆಗಲೇ.

ಅಕ್ವೇರಿಯಂಗೆ ಗಾಳಿ ಬಿಡುವ ಮೆತ್ತನೆಯ ನಳಿಕೆ ಸಿಗುತ್ತದಲ್ಲ, ಅದರಲ್ಲಿ 8ರಿಂದ 10 ಸೆಂಟಿಮೀಟರ್ ಕತ್ತರಿಸಿ. ಎರಡೂ ತುದಿಯ ಚೂಪನ್ನು ಉಜ್ಜಿ ನುಣುಪು ಮಾಡಿ, ಇಲ್ಲದಿದ್ದರೆ ಲೇಟೆಕ್ಸ್ ಸೀಲ್ ಸೀಳುತ್ತದೆ. ಒಂದು ತುದಿ ಸೀಲಿನ ಒಳಗೆ, ತೋಳಿನ ಕಡೆಗೆ. ಇನ್ನೊಂದು ಹೊರಗೆ, ಗ್ಲೋವ್ ಕಡೆಗೆ. ನಳಿಕೆ ಮಣಿಕಟ್ಟಿನ ಮೇಲ್ಬದಿಯಲ್ಲಿರಲಿ. ಅಂಗೈ ಬದಿಯಲ್ಲಿಟ್ಟರೆ ನಾಡಿಯನ್ನೂ ಸ್ನಾಯುರಜ್ಜುಗಳನ್ನೂ ಒತ್ತಿ ನೋಯಿಸುತ್ತದೆ. ಒಳಸೂಟಿನ ತೋಳಿಗೆ ಹೆಬ್ಬೆರಳಿನ ಕುಣಿಕೆ ಇದ್ದರೆ ಅದನ್ನೇ ಸೀಲ್ ಕೆಳಗಿಂದ ಹೊರಗೆಳೆದು ಹೆಬ್ಬೆರಳಿಗೆ ಸಿಕ್ಕಿಸಿದರೂ ಗಾಳಿ ಓಡಾಡುತ್ತದೆ, ಸ್ವಲ್ಪ ನಿಧಾನವಾಗಿ.

ನೀರಿಗಿಳಿಯುವ ಮುಂಚೆ ಪರೀಕ್ಷೆ ಮಾಡಿ. ಸೂಟಿಗೆ ಸ್ವಲ್ಪ ಗಾಳಿ ತುಂಬಿ ಎರಡೂ ಕೈ ಮೇಲೆತ್ತಿ: ಗ್ಲೋವ್ ಉಬ್ಬಬೇಕು. ಕೈ ಇಳಿಸಿ ಗ್ಲೋವ್ ಅಮುಕಿ: ಗಾಳಿ ತೋಳಿಗೆ ಮರಳಬೇಕು. ಈ ಎರಡನೆಯದನ್ನು ಬಹಳ ಜನ ನೋಡುವುದೇ ಇಲ್ಲ, ಅಪಾಯ ಇರುವುದೋ ಅಲ್ಲೇ. ಮೇಲೇರುವಾಗ ಗಾಳಿ ಹಿಗ್ಗುತ್ತದೆ. ದಾರಿ ಕಟ್ಟಿದ್ದರೆ ಗ್ಲೋವ್ ಬಲೂನಿನಂತೆ ಉಬ್ಬಿ ಬೆರಳು ಅದರ ತುದಿಯಿಂದ ಜಾರುತ್ತವೆ. ಆಮೇಲೆ ಗಾಳಿ ತುಂಬುವ, ಬಿಡುವ ಯಾವ ಗುಂಡಿ ಒತ್ತುತ್ತೀರಿ? ಏರುವಾಗ ಕೈಗಳನ್ನು ಸೂಟಿನ ಗಾಳಿ ಹೊರಬಿಡುವ, ತೋಳಿನ ವಾಲ್ವ್‌ಗಿಂತ ಕೆಳಗಿಟ್ಟುಕೊಂಡರೆ ಗ್ಲೋವಿನ ಗಾಳಿಯೂ ವಾಲ್ವ್‌ನಿಂದಲೇ ಹೊರಹೋಗುತ್ತದೆ.

ಪ್ರಶ್ನೆ: ಹೇಗೂ ಗ್ಲೋವ್ ನೀರು ಬಿಡುವುದಿಲ್ಲವಲ್ಲ, ಸೀಲನ್ನೇ ಕತ್ತರಿಸಿ ತೆಗೆದರೆ ನಳಿಕೆಯ ರಗಳೆ ತಪ್ಪುವುದಿಲ್ಲವೇ?
— ಓದುಗರು, ಸ್ಟಾಕ್‌ಹೋಮ್

ಉತ್ತರ: ತಪ್ಪುತ್ತದೆ. ಹಾಗೆ ಡೈವ್ ಮಾಡುವವರೂ ಇದ್ದಾರೆ. ಆದರೆ ಬಂಡೆಗೋ ಹಡಗಿನ ತಗಡಿಗೋ ತಗುಲಿ ಒಂದು ಬೆರಳು ಹರಿದರೆ ನೀರು ಭುಜದವರೆಗೂ ನುಗ್ಗುತ್ತದೆ. ಸೀಲ್ ಇದ್ದರೆ ನಳಿಕೆಯಷ್ಟೇ ಅಗಲದ ದಾರಿ, ಮೇಲೆ ಬರಲು ಸಮಯ ಸಿಗುತ್ತದೆ. 4 ಡಿಗ್ರಿ ನೀರಿನಲ್ಲಿ ನಾವಂತೂ ಸೀಲ್ ತೆಗೆಯಿರಿ ಎನ್ನುವುದಿಲ್ಲ.

ಪ್ರಶ್ನೆ: ನೇತ್ರಾಣಿಯಲ್ಲಿ ಡೈವಿಂಗ್ ಕಲಿತವಳು. ಐಸ್‌ಲ್ಯಾಂಡಿನ ಸಿಲ್ಫ್ರಾ ಎಂಬ ನೀರು ತುಂಬಿದ ಬಿರುಕಿಗೆ ಹೊರಟಿದ್ದೇನೆ. ಡ್ರೈ ಗ್ಲೋವ್ ಕೊಳ್ಳಲೇ?
— ಓದುಗರು, ಮಂಗಳೂರು

ಉತ್ತರ: ಬೇಡ. ಸಿಲ್ಫ್ರಾದ ನೀರು ವರ್ಷವಿಡೀ 2ರಿಂದ 4 ಡಿಗ್ರಿ. ಅಲ್ಲಿ ಸಾಮಾನ್ಯವಾಗಿ ಕೊಡುವುದು ದಪ್ಪ ನಿಯೋಪ್ರೀನ್ ಗ್ಲೋವ್. ಒದ್ದೆಯಾಗುತ್ತದೆ, ಆದರೆ ಅರ್ಧ ಗಂಟೆಗೆ ಸಾಕು. ನೀವು ಮೊದಲು ಕಲಿಯಬೇಕಿರುವುದು ಡ್ರೈ ಸೂಟ್. ಅದರ ತರಬೇತಿ ಅಥವಾ ಅನುಭವದ ದಾಖಲೆ ಇಲ್ಲದಿದ್ದರೆ ಅಲ್ಲಿ ಡೈವ್‌ಗೆ ಇಳಿಸುವುದೂ ಇಲ್ಲ.

ಪ್ರಶ್ನೆ: ಪ್ರತಿ ಡೈವ್ ಆದಮೇಲೂ ಲೈನರ್ ಒದ್ದೆ. ಸೋರಿಕೆಯೋ, ಬೆವರೋ?
— ಓದುಗರು, ಟೊರಾಂಟೊ

ಉತ್ತರ: ಲೈನರ್ ಕಳಚಿದ ಕೂಡಲೇ ಮುಟ್ಟಿ ನೋಡಿ. ಎಲ್ಲ ಕಡೆ ಸಮನಾಗಿ ಹಸಿಯಾಗಿದ್ದರೆ ಬೆವರು. ಒಂದೇ ಬೆರಳು ತೊಯ್ದಿದ್ದರೆ ಅಲ್ಲಿ ತೂತು: ಗ್ಲೋವಿನ ಬಾಯಿ ತಿರುಚಿ ಹಿಡಿದು ಬಕೆಟ್ ನೀರಿನಲ್ಲಿ ಮುಳುಗಿಸಿ ಅಮುಕಿದರೆ ಗುಳ್ಳೆ ಕಾಣುತ್ತದೆ. ಮಣಿಕಟ್ಟಿನ ಸುತ್ತ ಮಾತ್ರ ಒದ್ದೆಯಿದ್ದರೆ ರಿಂಗ್ ನೋಡಿ. ನೀರು ತಡೆಯುವ ಓ-ರಿಂಗ್ (ರಿಂಗಿನಲ್ಲಿರುವ ರಬ್ಬರ್ ಬಳೆ) ಮೇಲೆ ಒಂದು ಕೂದಲು, ಒಂದು ಮರಳಿನ ಕಣ, ಲೈನರಿನ ಒಂದು ಎಳೆ ಸಿಕ್ಕಿಕೊಂಡರೂ ಸಾಕು. ಬಹುಪಾಲು ಆ ಎಳೆಯೇ ಕಳ್ಳ. ಆದ್ದರಿಂದ ರಿಂಗ್ ಮುಚ್ಚುವ ಮುಂಚೆ ಲೈನರಿನ ಅಂಚನ್ನು ಒಳಗೆ ಮಡಚಿ, ಓ-ರಿಂಗ್ ಸುತ್ತ ಬೆರಳಾಡಿಸಿ.

ಪ್ರಶ್ನೆ: ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರನ್ನು ರಿಂಗ್ ಮೇಲೆ ಕಟ್ಟಬೇಕೋ, ಹಿಂದೆಯೋ?
— ಓದುಗರು, ಬರ್ಗೆನ್

ಉತ್ತರ: ರಿಂಗ್‌ನಿಂದ ಹಿಂದೆ, ಮುಂದೋಳಿನ ಮೇಲೆ. ರಿಂಗ್ ಮೇಲೆ ಅದು ಗಟ್ಟಿಯಾಗಿ ಕೂರುವುದಿಲ್ಲ. ಗ್ಲೋವಿನ ಮೇಲೆ ಕಟ್ಟಿದರೆ ಗ್ಲೋವ್ ಜೊತೆಗೇ ಕಿತ್ತುಬರಬಹುದು. ನಳಿಕೆಯ ಮೇಲೆ ಬಿಗಿದರೆ ಗಾಳಿಯ ದಾರಿಯೇ ಬಂದ್. ಬಕಲ್ ಪಟ್ಟಿಗಿಂತ ಎಳೆದರೆ ಹಿಗ್ಗುವ ಬಂಜಿ ಹಗ್ಗ ಒಳ್ಳೆಯದು: ಆಳದಲ್ಲಿ ತೋಳು ಕುಗ್ಗಿದಾಗ ಪಟ್ಟಿ ಸಡಿಲಾಗಿ ಕಂಪ್ಯೂಟರ್ ತಿರುಗುತ್ತದೆ, ಬಂಜಿ ತಾನೇ ಬಿಗಿಯಾಗುತ್ತದೆ. ಎರಡು ಬೇರೆ ಬೇರೆ ಕುಣಿಕೆ ಕಟ್ಟಿ, ಒಂದು ತುಂಡಾದರೂ ಇನ್ನೊಂದು ಹಿಡಿಯುತ್ತದೆ. ಅಳತೆ ತೆಗೆಯುವಾಗ ಬರಿಗೈಗೆ ಸುತ್ತಬೇಡಿ. ಒಳಸೂಟು, ಸೂಟು ಎರಡನ್ನೂ ತೊಟ್ಟು ಕಟ್ಟಿ. ಕುಣಿಕೆ ರಿಂಗನ್ನು ದಾಟುವಷ್ಟು ಹಿಗ್ಗಬೇಕು ಎಂಬುದು ನೆನಪಿರಲಿ. ಹೊಸ ಕಂಪ್ಯೂಟರ್ ಕೊಳ್ಳುವವರಿದ್ದರೆ ಅಂಗಡಿಗೆ ಗ್ಲೋವ್ ಒಯ್ದು, ಹಾಕಿಕೊಂಡೇ ಗುಂಡಿಗಳನ್ನು ಒತ್ತಿ ನೋಡಿ.