ಸಕ್ಕರೆ ಹಾಕದ ಹಾಲು

ಈ ಕೇಸ್ ಬರೀಬೇಕಾ ಬೇಡ್ವಾ ಅಂತ ತುಂಬ ದಿನ ಯೋಚನೆ ಮಾಡಿದೆ. ಕಡೆಗೆ ಬರಿಯುವ ಅಂತ ಆದದ್ದು ಯಾಕೆ ಅಂದ್ರೆ ಹೋದ ವಾರ ಮತ್ತೊಬ್ಬರು ಬಂದ್ರು, ಬೇರೆ ಜಾತಿ, ಬೇರೆ ಊರು, ಬೇರೆ ಕಾಯಿಲೆ, ಆದ್ರೆ ಕುರ್ಚಿಯಲ್ಲಿ ಕೂತ ಕೂಡ್ಲೆ ಕೇಳಿದ್ದು ಮಾತ್ರ ಅದನ್ನೇ. "ನನ್ನಿಂದ ಎಂತ ತಪ್ಪಾಯ್ತು ಮೇಡಂ?"

ಮಕ್ಕಳನ್ನು ಕಳ್ಕೊಂಡವರು ಕೌನ್ಸೆಲಿಂಗಿಗೆ ನನ್ನ ಹತ್ರ ಬಂದು ದೇವರು ಇದ್ದಾನಾ ಅಂತ ಕೇಳುದು ಕಮ್ಮಿ. ಅದು ಟೀವಿ ಚರ್ಚೆಯವರ ಪ್ರಶ್ನೆ. ಇವರಿಗೆ ದೇವರು ಇದ್ದಾನೆ, ನ್ಯಾಯವಂತನೂ ಹೌದು, ಹಾಗಾದ್ರೆ ಈ ಶಿಕ್ಷೆ ಯಾವ ತಪ್ಪಿಗೆ ಅನ್ನುವ ಲೆಕ್ಕ ಮಾತ್ರ ತಾಳೆ ಆಗುದಿಲ್ಲ, ರಾತ್ರಿಯಿಡೀ ಕೂತು ಅದನ್ನೇ ಕೂಡಿಸಿ ಕಳೀತಾರೆ.

ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ, ಬರೀಲಿಕ್ಕೆ ಅವರ ಒಪ್ಪಿಗೆಯೂ ಉಂಟು. ಉಡುಪಿ ಕಡೆಯ ಮನೆ. ಗಂಡ, ಅತ್ತೆ, ಹನ್ನೊಂದು ವರ್ಷದ ಮಗ. ಏಳು ವರ್ಷದ ಮಗಳು ಡೆಂಗಿಯಲ್ಲಿ ಹೋಗಿ ಐದು ತಿಂಗಳಾಗಿತ್ತು. ಅಮ್ಮನಿಗೆ ನಿದ್ದೆ ಇಲ್ಲ, ಊಟ ಸೇರುದಿಲ್ಲ, ಅಂತ ಗಂಡ ಕರ್ಕೊಂಡು ಬಂದ್ರು. ನಿದ್ದೆಯ ವಿಷಯಕ್ಕೆ ಸೈಕಿಯಾಟ್ರಿಸ್ಟ್ ಹತ್ರ ಕಳಿಸಿದೆ, ಮದ್ದು ಶುರುವಾಯ್ತು, ಅದು ಬೇಕಿತ್ತು.

ಆ ಜ್ವರದ ಕಥೆ ಸ್ವಲ್ಪ ಹೇಳ್ಬೇಕು. ನಾಲ್ಕು ದಿನ ಮೈ ಸುಡುವ ಜ್ವರ. ನಾಲ್ಕನೇ ರಾತ್ರಿ ಇವರು ಹರಕೆ ಹೇಳಿದ್ರು, ಮಗು ಹುಷಾರಾದ್ರೆ ಸಕ್ಕರೆ ತುಲಾಭಾರ ಮಾಡಿಸ್ತೇನೆ ಅಂತ. ಬೆಳಿಗ್ಗೆ ನೋಡಿದ್ರೆ ಜ್ವರ ಬಿಟ್ಟಿದೆ. ತುಪ್ಪದ ದೀಪ ಹಚ್ಚಿ ಕೈ ಮುಗಿದ್ರು. ಸಂಜೆ ಹೊತ್ತಿಗೆ ಹೊಟ್ಟೆನೋವು, ವಾಂತಿ, ಕೈಕಾಲು ತಣ್ಣಗೆ. ಮರುದಿನ ಆಸ್ಪತ್ರೆಯಲ್ಲಿ ಎಲ್ಲ ಮುಗಿದಿತ್ತು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿನ 24ರಿಂದ 48 ಗಂಟೆಯೇ ಅಪಾಯದ್ದು, ರಕ್ತನಾಳದಿಂದ ನೀರಂಶ ಸೋರಿ ಬಿಪಿ ಬೀಳುದು ಆಗಲೇ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಜ್ವರ ಬಿಟ್ಟಿತು ಅಂತ ಸಮಾಧಾನ ಆಗಿ ಬಿಡ್ತಾರೆ. ಈ ಅಮ್ಮನಿಗೆ ಆ ಬೆಳಿಗ್ಗೆ ದೇವರು ಹರಕೆ ಒಪ್ಪಿಕೊಂಡ ಬೆಳಿಗ್ಗೆ. "ಕೊಟ್ಟ ಹಾಗೆ ಮಾಡಿ ಕಿತ್ಕೊಂಡ" ಅಂದ್ರು.

ಮನೆಯಲ್ಲಿ ಮತ್ತೆ ಗೊತ್ತಲ್ಲ. ಅತ್ತೆ ಜ್ಯೋತಿಷಿಯ ಹತ್ರ ಪ್ರಶ್ನೆ ಇಡಿಸಿದ್ರು, ನಾಗದೋಷ ಅಂತ ಬಂತು, ನಾಗನಿಗೆ ಮಾಡುವ ಆಶ್ಲೇಷಾ ಬಲಿ ಪೂಜೆ ಆಗ್ಬೇಕು ಅಂತ. ಗಂಡನ ಚಿಕ್ಕಪ್ಪ ಓದಿಕೊಂಡವರು, ಮಗುವಿನ ಪ್ರಾರಬ್ಧ ಅಷ್ಟೇ ಇತ್ತು ಅಂದ್ರು. ಅದಕ್ಕೆ ಇವರು ಎಲ್ಲರೆದುರು ಕೇಳಿದ್ರಂತೆ, "ಹೋದ ಜನ್ಮದಲ್ಲಿ ಅವಳು ಯಾರಿಗೆ ಎಂತ ಮಾಡಿದ್ಳು ಹೇಳಿ, ನಾನು ಹೋಗಿ ಅವರ ಕಾಲಿಗೆ ಬೀಳ್ತೇನೆ." ಯಾರೂ ಮಾತಾಡ್ಲಿಲ್ಲ.

ಮೊದಲನೇ ಸೆಷನ್‌ನಲ್ಲಿ ತಪ್ಪು ಮಾಡಿದ್ದು ನಾನು. ಈ ನಾಗದೋಷದಿಂದ ಅವರನ್ನು ಬಿಡಿಸ್ಬೇಕು ಅನ್ನುವ ಉಮೇದಿನಲ್ಲಿ, ಇದು ಈಡಿಸ್ ಸೊಳ್ಳೆಯ ಕೆಲಸ, ಅದು ಶುದ್ಧ ನೀರು ನಿಂತಲ್ಲಿ ಮೊಟ್ಟೆ ಇಡ್ತದೆ, ಹಗಲು ಕಚ್ತದೆ, ಇದ್ರಲ್ಲಿ ಯಾರ ಪಾಪವೂ ಇಲ್ಲ ಅಂತ ದೊಡ್ಡ ಪಾಠ ಮಾಡಿದೆ. ಅವರು ಮನೆಗೆ ಹೋಗಿ ಅಂಗಳದ ಹೂವಿನ ಚಟ್ಟಿ ಒಂದೊಂದೇ ಎತ್ತಿ ನೋಡಿದ್ದಾರೆ, ಫ್ರಿಜ್ಜಿನ ಹಿಂದಿನ ಟ್ರೇ ಎಳೆದು ನೋಡಿದ್ದಾರೆ, ಅದ್ರಲ್ಲಿ ನೀರು. ಮುಂದಿನ ವಾರ ಬಂದು ಹೇಳಿದ್ರು, "ಹಾಗಾದ್ರೆ ಕೊಂದದ್ದು ನಾನೇ." ಹೋದ ಜನ್ಮದ ಪಾಪದಿಂದ ಬಿಡಿಸಿ ಈ ಜನ್ಮದ ಪಾಪಕ್ಕೆ ಕಟ್ಟಿಹಾಕಿದ್ದೆ ನಾನು. ಅತ್ತೆಗೂ ನನಗೂ ಎಂತ ವ್ಯತ್ಯಾಸ? ಆ ರಾತ್ರಿ ನನಗೂ ನಿದ್ದೆ ಬರ್ಲಿಲ್ಲ.

ಮೂರನೇ ಸೆಷನ್‌ನಲ್ಲಿ ನಾನು ಎಂತದೂ ವಿವರಿಸ್ಲಿಕ್ಕೆ ಹೋಗ್ಲಿಲ್ಲ. ಸುಮಾರು ಹೊತ್ತು ಸುಮ್ಮನೆ ಕೂತಿದ್ದೆವು. ಹೊರಗೆ ಜೋರು ಮಳೆ, ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು. ಆಗ ಅವರು, ಗಂಡನಿಗೂ ಹೇಳದ ಒಂದು ವಿಷಯ ಉಂಟು, ನೀವು ಯಾರಿಗೂ ಹೇಳ್ಬಾರ್ದು ಅಂತ ಶುರು ಮಾಡಿದ್ರು. ನಾನು, ಎಂತದೋ ಸಾಯುವ ಯೋಚನೆ ಇರ್ಬೇಕು ಅಂತ ಹೆದರಿಯೇ ಹೋದೆ, ನೇರ ಕೇಳಿಯೂ ಬಿಟ್ಟೆ. ಅಲ್ಲ ಅಂದ್ರು.

ಅವರ ದೇವರ ಮಂಟಪದಲ್ಲಿ ಒಂದು ಸಣ್ಣ ಬಾಲಕೃಷ್ಣ ಉಂಟು. ಉಡುಪಿಯ ಕೃಷ್ಣ ಅಂದ್ರೆ ಕೈಯಲ್ಲಿ ಕಡಗೋಲು ಹಿಡಿದ ಹುಡುಗನೇ ಅಲ್ವಾ, ಈ ಕಡೆಯ ಹೆಂಗಸರಿಗೆ ಅವನು ಮನೆಯ ಮಗು ಇದ್ದ ಹಾಗೆ. ಮದುವೆಯಾಗಿ ಬಂದಾಗಿಂದ ಪ್ರತಿ ರಾತ್ರಿ ಅವನಿಗೆ ಒಂದು ಸಣ್ಣ ಲೋಟ ಹಾಲು, ಸಕ್ಕರೆ ಹಾಕಿ, ಇಡ್ತಿದ್ರಂತೆ.

"ಐದು ತಿಂಗಳಿಂದ ಸಕ್ಕರೆ ಹಾಕದೆ ಇಡ್ತಿದ್ದೇನೆ ಮೇಡಂ. ಬೇಕಂತಲೇ. ತುಲಾಭಾರದ ಸಕ್ಕರೆ ಬೇಡ ಅಂದ್ನಲ್ಲ, ಚಪ್ಪೆ ಕುಡೀಲಿ."

ಹೇಳಿ ಗಡಗಡ ನಡುಗಿದ್ರು. ಇದಕ್ಕೆ ಶಿಕ್ಷೆ ಅಂತ ಮಗನಿಗೂ ಏನಾದ್ರೂ ಆದ್ರೆ? ನಿದ್ದೆ ಬಾರದೆ ಇದ್ದದ್ದು ಅದಕ್ಕೆ. ಮಗನ ಹಣೆ ಮುಟ್ಟಿ ನೋಡ್ಲಿಕ್ಕೆ ರಾತ್ರಿ ನಾಲ್ಕು ಸಲ ಏಳ್ತಿದ್ರು.

ನಾನು ಕೇಳಿದೆ, ಅಷ್ಟು ಸಿಟ್ಟಿದ್ರೆ ಹಾಲು ಇಡುದನ್ನೇ ಬಿಡಬಹುದಿತ್ತಲ್ಲ?

ನನ್ನನ್ನು ಒಂಥರಾ ನೋಡಿದ್ರು, ಇವಳಿಗೆ ಅಷ್ಟೂ ಗೊತ್ತಿಲ್ವಾ ಅನ್ನುವ ಹಾಗೆ. "ಇಡದೆ ಇರ್ಲಿಕ್ಕೆ ಆಗ್ತದಾ? ಹಸಿವಾಗುದಿಲ್ವಾ ಅವನಿಗೆ?"

ನನಗೆ ಮಾತೇ ಹೊರಡ್ಲಿಲ್ಲ. ನಂಬಿಕೆ ಹೋಗಿದೆ ಅಂತ ನಾನು ನೋಟ್ಸ್‌ನಲ್ಲಿ ಬರ್ಕೊಂಡಿದ್ದೆ, ಅದನ್ನು ಹೊಡೆದು ಹಾಕಿದೆ. ಇದು ಜಗಳ. ಮನೆಯವರ ಜೊತೆ ಮಾತ್ರ ಮಾಡುವಂಥ ಜಗಳ.

ಮತ್ತೆ ನಾನು ಕೊಟ್ಟ ಸಲಹೆ ಇಷ್ಟೇ. ಸಕ್ಕರೆ ಹಾಕ್ಬೇಡಿ. ಮನಸ್ಸು ಬರುವವರೆಗೆ ಹಾಕ್ಲೇಬೇಡಿ. ಆದ್ರೆ ಕದ್ದು ಮಾಡ್ಬೇಡಿ, ಲೋಟ ಇಡುವಾಗ ಯಾಕೆ ಹಾಕ್ಲಿಲ್ಲ ಅಂತ ಅವನಿಗೆ ಬಾಯಿಬಿಟ್ಟು ಹೇಳಿ. ಪ್ರಶ್ನೆ ಇಡಿಸುದು ಸದ್ಯಕ್ಕೆ ಸಾಕು. ಆಶ್ಲೇಷಾ ಬಲಿ ಮನೆಯವರ ಸಮಾಧಾನಕ್ಕೆ ಮಾಡುದಾದ್ರೆ ಮಾಡ್ಲಿ, ದಂಡ ಕಟ್ಟಿದ ಹಾಗೆ ಮಾಡುದು ಬೇಡ. ಗಂಡ ಮತ್ತು ಅತ್ತೆಯನ್ನು ಬೇರೆ ಕೂರಿಸಿ ಹೇಳಿದ್ದು, ಕರ್ಮದ ಮಾತು ಮಗನ ಎದುರು ಬೇಡವೇ ಬೇಡ ಅಂತ, ಯಾಕಂದ್ರೆ ಅಷ್ಟರಲ್ಲಿ ಆ ಹುಡುಗ, ತಂಗಿಯ ಬಣ್ಣದ ಪೆನ್ಸಿಲ್ ಕದ್ದದ್ದಕ್ಕೆ ಹೀಗಾಯ್ತಾ ಅಂತ ಅಪ್ಪನ ಹತ್ರ ಕೇಳಿ ಆಗಿತ್ತು. ಅದು ಕೇಳಿದ ಮೇಲೆ ಅತ್ತೆ ಅತ್ತರು, ಪಾಪ, ಅವರದ್ದೂ ಮೊಮ್ಮಗಳೇ ಅಲ್ವಾ ಹೋದದ್ದು.

ಈ ಸಲಹೆಗೆ ನನಗೆ ಎರಡೂ ಕಡೆಯಿಂದ ಬೈಗಳು ಸಿಕ್ಕಿದೆ. ನನ್ನ ಜೊತೆ ಕೆಲಸ ಮಾಡುವ, ದೇವರನ್ನು ನಂಬದ ಗೆಳೆಯರೊಬ್ಬರು, ಒಳ್ಳೆ ಚಾನ್ಸ್ ಬಿಟ್ಟೆ ಮಾರಾಯ್ತಿ, ದೇವರೇ ಇಲ್ಲ ಅಂತ ಹೇಳಿದ್ರೆ ತಪ್ಪಿನ ಪ್ರಶ್ನೆಯೇ ಹೋಗ್ತಿತ್ತಲ್ಲ ಅಂದ್ರು. ಹೋಗುದಿಲ್ಲ. ಫ್ರಿಜ್ಜಿನ ಟ್ರೇ ನೆನಪು ಮಾಡ್ಕೊಳ್ಳಿ. ಅಲ್ಲದೆ ಮಗಳನ್ನು ಕಳ್ಕೊಂಡವಳ ಹತ್ರ, ಬೈಲಿಕ್ಕೆ ಇದ್ದ ಒಬ್ಬನನ್ನೂ ಕಿತ್ಕೊಳ್ಳುದು ನನ್ನ ಕೆಲಸ ಅಲ್ಲ.

ಇನ್ನೊಂದು ಕಡೆಯವರು, ದೇವರಿಗೆ ಚಪ್ಪೆ ಹಾಲು ಇಡು ಅಂತ ಹೇಳಿಕೊಟ್ಟೆಯಾ ಅಂತ. ಅವರಿಗೆ ನಾನು ಹೇಳುದು, ದೇವರಿಗೆ ಬೈಯುದು ನಮ್ಮಲ್ಲಿ ಹೊಸತಲ್ಲ, ನಿಂದಾಸ್ತುತಿ ಅಂತ ದಾಸರ ಪದಗಳಲ್ಲಿ ಒಂದು ಬಗೆಯೇ ಉಂಟು. ಪ್ರಶ್ನೆಯೂ ಹೊಸತಲ್ಲ. ದೇವರು ಪಕ್ಷಪಾತಿಯಾ, ಕರುಣೆ ಇಲ್ಲದವನಾ ಅಂತ ವೇದಾಂತದ ಮೂಲಗ್ರಂಥ ಬ್ರಹ್ಮಸೂತ್ರದ 2ನೇ ಅಧ್ಯಾಯದಲ್ಲೇ ಎತ್ತಿದ್ದಾರೆ, ವೈಷಮ್ಯ, ನೈರ್ಘೃಣ್ಯ ಅಂತ ಅದಕ್ಕೆ ಶಬ್ದವೂ ಉಂಟು. ಅಲ್ಲಲ್ಲ, ಅವನು ಕರ್ಮ ನೋಡಿ ಕೊಡುದು, ಕರ್ಮ ಅನಾದಿ ಅಂತ ಉತ್ತರ. ಆಚಾರ್ಯ ಮಧ್ವರೂ ಆ ಸೂತ್ರಗಳಿಗೆ ಭಾಷ್ಯ ಬರೆದವರು. ನನ್ನಪ್ಪ ಅದರ ಪಾಠ ಹೇಳಿಸ್ಕೊಂಡವರು, ಆ ವಾದವನ್ನು ಹಗುರ ಮಾಡುವಷ್ಟು ಓದು ನನಗಿಲ್ಲ. ಆದ್ರೆ ಅದು ಪಾಠದ ಮನೆಯಲ್ಲಿ ಕೂತು ಬಿಡಿಸುವ ಗಂಟು. ಅದೇ ವಾಕ್ಯವನ್ನು ಮಗುವಿನ ಬೊಜ್ಜದ, ಅಂದ್ರೆ ಉತ್ತರಕ್ರಿಯೆಯ, ಊಟಕ್ಕೆ ಬಂದು ತಾಯಿಯ ಎದುರು ಹೇಳಿದ್ರೆ ಅದು ಆರೋಪ ಆಗ್ತದೆ, ಮತ್ತೆ ಉತ್ತರ ಕೊಡ್ಲಿಕ್ಕೆ ಮಗು ಇರುದಿಲ್ಲ.

ಮಂಗಳೂರಿನಲ್ಲಿ ನನ್ನ ಹತ್ರ ಬರ್ತಿದ್ದ ಒಬ್ಬರು ಕ್ಯಾಥೊಲಿಕ್ ಹೆಂಗಸು, ಗಂಡು ಮಗನನ್ನು ಬೈಕ್ ಆಕ್ಸಿಡೆಂಟಿನಲ್ಲಿ ಕಳ್ಕೊಂಡವರು, ಬೈಬಲ್ಲಿನ ಯೋಬನ ಕಥೆ ಹೇಳಿದ್ರು. ಮಕ್ಕಳೆಲ್ಲ ಸತ್ತು ಬೂದಿಯಲ್ಲಿ ಕೂತವನ ಹತ್ರ ಮೂವರು ಸ್ನೇಹಿತರು ಬಂದು ಏಳು ಹಗಲು ಏಳು ರಾತ್ರಿ ಮಾತಾಡದೆ ಕೂತಿದ್ರಂತೆ. "ಅಷ್ಟರವರೆಗೆ ಒಳ್ಳೆ ಜನ ಮೇಡಂ. ಮತ್ತೆ ಬಾಯಿ ಬಿಟ್ಟು, ನೀನು ಪಾಪ ಮಾಡಿರ್ಬೇಕು ಅಂದ್ರು." ಕಡೆಗೆ ದೇವರಿಗೆ ಸಿಟ್ಟು ಬಂದದ್ದು ದೇವರ ಪರ ವಕಾಲತ್ತು ಮಾಡಿದ ಆ ಮೂವರ ಮೇಲೆ, ಜಗಳ ಮಾಡಿದ ಯೋಬನೇ ಸರಿ ಮಾತಾಡಿದ್ದು ಅಂತ. ಸಾವಿನ ಮನೆಗೆ ಹೋಗುವವರು ಅಷ್ಟು ನೆನಪಿಟ್ಟುಕೊಂಡ್ರೆ ನನ್ನ ಅರ್ಧ ಕೆಲಸ ಕಮ್ಮಿ ಆಗ್ತದೆ.

ಹೋದ ತಿಂಗಳು ಆ ಅಮ್ಮ ಫೋನ್ ಮಾಡಿದ್ರು. ನಿದ್ದೆ ಪರವಾಗಿಲ್ಲ, ರಾತ್ರಿ ಒಂದೇ ಸಲ ಏಳುದಂತೆ. ದೇವರಿಗೆ ಇಟ್ಟ ಹಾಲು ಈಗ ಮಗ ಕುಡೀತಾನೆ, ಆದ್ರೆ ಚಪ್ಪೆ ಅಂತ ಗಲಾಟೆ, ಹಾಗೆ ಮಂಟಪದಿಂದ ತೆಗೆದ ಮೇಲೆ ಅವನ ಲೋಟಕ್ಕೆ ಒಂದು ಚಮಚ ಸಕ್ಕರೆ ಹಾಕಿ ಕೊಡ್ತೇನೆ ಅಂದ್ರು.

"ಮತ್ತೆ ಕೃಷ್ಣನಿಗೆ?" ಅಂತ ಕೇಳಿದೆ.

"ನೋಡುವ" ಅಂದ್ರು.