ಸತ್ತ ಬಾಣಲೆ ಯಾರು?

ಶಿರಸಿಯ ಓದುಗರೊಬ್ಬರು ಬರೆದಿದ್ದಾರೆ: ‘ಅಮೆರಿಕದಿಂದ ರಜೆಗೆ ಬಂದ ಮೊಮ್ಮಗಳಿಗೆ ಊಟದ ಹೊತ್ತಿನಲ್ಲಿ ಒಂದು ತಮಾಷೆ ಹೇಳಿದೆ. ಬಿದ್ದು ಬಿದ್ದು ನಕ್ಕು, “ಅಜ್ಜಾ, ನಿಂದು ಡೆಡ್‌ಪ್ಯಾನ್ ಮುಖ” ಅಂದಳು. ಡೆಡ್ ಅಂದರೆ ಸತ್ತದ್ದು, ಪ್ಯಾನ್ ಅಂದರೆ ಬಾಣಲೆ. ನಾನು ಸತ್ತ ಬಾಣಲೆಯೇ? ಇದು ಬೈಗುಳವೋ, ಹೊಗಳಿಕೆಯೋ? ಎಲ್ಲಿಂದ ಬಂತು?’

ಹೊಗಳಿಕೆಯೇ ಮಾರಾಯರೇ. ಮೊಮ್ಮಗಳ ಮೇಲೆ ಸಿಟ್ಟು ಬೇಡ.

ಇಲ್ಲಿ ಪ್ಯಾನ್ ಅಂದರೆ ಮುಖ. ಸುಮಾರು ನೂರು ವರ್ಷದ ಹಿಂದೆ ಅಮೆರಿಕದವರ ಆಡುಮಾತಿನಲ್ಲಿ ಮುಖಕ್ಕೆ ಹಾಗೆ ಹೇಳುತ್ತಿದ್ದರು, ನಾವು ಮೂತಿ, ಮುಸುಡಿ ಅನ್ನುವ ಹಾಗೆ. ಡೆಡ್ ಅಂದರೂ ಹೆಣವಲ್ಲ. ‘ಫೋನು ಡೆಡ್ ಆಗಿದೆ’ ಅಂತೀವಲ್ಲ, ಆ ಡೆಡ್.

ಪಾತ್ರೆಯ ಹೆಸರು ಮುಖಕ್ಕೆ ಬಂದದ್ದು ವಿಚಿತ್ರ ಅನ್ನಿಸಬಹುದು. ಲ್ಯಾಟಿನ್‌ನಲ್ಲಿ ಟೆಸ್ಟಾ ಅಂದರೆ ಮಡಕೆ. ಜನ ತಮಾಷೆಗೆ ತಲೆಗೂ ಅದನ್ನೇ ಅಂದರು. ಕೊನೆಗೆ ಫ್ರೆಂಚರಲ್ಲಿ ತಲೆಗೆ ಅದೇ ಹೆಸರು ನಿಂತುಬಿಟ್ಟಿತು: ತೆತ್. ಇಂಗ್ಲಿಷಿನ ಮಗ್ ಕೂಡ ಮುಖವೇ. ಪೊಲೀಸರು ಆರೋಪಿಯ ಫೋಟೋ ತೆಗೆದರೆ ಅದು ಮಗ್ ಶಾಟ್. ದೂರ ಯಾಕೆ, ನಮ್ಮಲ್ಲಿ ಒಣಗಿದ ಸೋರೆಯೂ ಬುರುಡೆ, ತಲೆಯೂ ಬುರುಡೆ. (ಸುಳ್ಳು ಬಿಡುವುದೂ ಬುರುಡೆಯೇ. ಆ ವಿಷಯ ಸಂಪಾದಕರಿಗೆ ಬೇಡ.)

1928ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಡೆಡ್‌ಪ್ಯಾನ್‌ಗೆ ಅರ್ಥ ಕೊಟ್ಟಿತು: ಮುಖದಲ್ಲಿ ಏನೂ ತೋರಿಸದೆ ಪಾತ್ರ ಮಾಡುವುದು. ಉದಾಹರಣೆಗೆ ಹೆಸರಿಸಿದ್ದು ಮೂಕಿ ಸಿನಿಮಾಗಳ ಬಸ್ಟರ್ ಕೀಟನ್‌ನನ್ನು. ಅವನ ಅಪ್ಪ ಅಮ್ಮ ಊರೂರು ತಿರುಗಿ ಆಟ ಕಟ್ಟುತ್ತಿದ್ದವರು. ಅಪ್ಪ ವೇದಿಕೆಯ ಮೇಲೆ ಹುಡುಗನನ್ನು ಎತ್ತಿ ಎಸೆಯುವುದೇ ಆಟ. ಬಿದ್ದವನು ತಾನೂ ನಕ್ಕರೆ ಜನ ಅಷ್ಟಾಗಿ ನಗುವುದಿಲ್ಲ, ಏನೂ ಆಗದವನಂತೆ ಎದ್ದು ನಿಂತರೆ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಇದು ಅವನಿಗೆ ಚಿಕ್ಕಂದಿನಲ್ಲೇ ಗೊತ್ತಾಯಿತು.

ಅದೇ 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಸಿಕ್ಕರೆ ನೋಡಿ. ಬಿರುಗಾಳಿಗೆ ಒಂದು ಮನೆಯ ಮುಂದಿನ ಗೋಡೆ ಇಡೀಯಾಗಿ ಕೀಟನ್ ಮೇಲೆ ಬೀಳುತ್ತದೆ. ಗೋಡೆಯ ತೆರೆದ ಕಿಟಕಿ ಸರಿಯಾಗಿ ಅವನು ನಿಂತಲ್ಲೇ ಇಳಿಯುತ್ತದೆ, ಅಷ್ಟರಿಂದ ಉಳಿಯುತ್ತಾನೆ. ಇದು ಕ್ಯಾಮೆರಾದ ಕಣ್ಕಟ್ಟಲ್ಲ, ನಿಜವಾಗಿ ಬೀಳಿಸಿದ ಭಾರದ ಗೋಡೆ. ಒಂದಿಷ್ಟು ಆಚೀಚೆ ನಿಂತಿದ್ದರೆ ಕಥೆ ಮುಗಿಯುತ್ತಿತ್ತು. ಮುಖ ನೋಡಿದರೆ, ಬಸ್ಸು ತಪ್ಪಿದವನಿಗೆ ಇರುವಷ್ಟೂ ಗಾಬರಿ ಇಲ್ಲ!

ಇಸ್ಪೀಟಿನಿಂದ ಬಂದ ಪೋಕರ್ ಫೇಸ್ ಬೇರೆ. ಅದು ಕೈಯಲ್ಲಿರುವ ಎಲೆ ಎದುರಿನವನಿಗೆ ತಿಳಿಯದಿರಲಿ ಅಂತ. ಡೆಡ್‌ಪ್ಯಾನ್ ಇರುವುದು ನಗಿಸಲಿಕ್ಕೆ.

ಕನ್ನಡದಲ್ಲಿ ಏನನ್ನೋಣ? ಪೆಚ್ಚು ಮುಖ ಅಲ್ಲ, ಹರಳೆಣ್ಣೆ ಕುಡಿದ ಮುಖವೂ ಅಲ್ಲ. ಅವೆರಡರಲ್ಲೂ ಒಳಗಿನ ಸಂಕಟ ಚೆನ್ನಾಗಿಯೇ ಕಾಣುತ್ತದೆ. ‘ನಿರ್ಭಾವ’ದಲ್ಲಿ ತಮಾಷೆಯೇ ಇಲ್ಲ. ನನ್ನ ಓಟು ‘ನಗದೆ ನಗಿಸುವವನು’ ಎಂಬುದಕ್ಕೆ. ಉದ್ದವಾಯಿತು ಅನ್ನಿಸಿದರೆ ಡೆಡ್‌ಪ್ಯಾನ್ ಎಂದೇ ಬರೆಯಿರಿ. ಮೊಮ್ಮಗಳು ಅಂದ ‘ಡೆಡ್‌ಪ್ಯಾನ್ ಮುಖ’ ಮಾತ್ರ ‘ನಡು ಸೆಂಟರ್’ ಅಂದ ಹಾಗೆ, ಮುಖ ಎರಡು ಸಲ ಬಂತು. ಇಂಗ್ಲಿಷರೂ ಹಾಗೆ ಹೇಳುತ್ತಾರೆ, ಆದ್ದರಿಂದ ಅವಳನ್ನು ತಿದ್ದಲು ಹೋಗಬೇಡಿ.

ಅಂದ ಹಾಗೆ, ಆ ತಮಾಷೆ ಏನು ಅಂತ ನೀವು ಪತ್ರದಲ್ಲಿ ಬರೆಯಲೇ ಇಲ್ಲವಲ್ಲ.

— ಸಂ.